ಹೂಡಿಕೆ ಸರಳವಾಗಿರಲಿ, ಮನೆಯವರಿಗೂ ಗೊತ್ತಿರಲಿ

ಮುಂಬಯಿಯಲ್ಲಿ ದುಡಿದು ಊರಲ್ಲಿ ಮನೆ ಕಟ್ಟುವುದೇ ಇಲ್ಲಿನ ಕನ್ನಡಿಗರ ಒಂದು ತಲೆಮಾರಿನ ಉಳಿತಾಯದ ಕ್ರಮವಾಗಿತ್ತು. ಊರಲ್ಲಿ ಹತ್ತು ಸೆಂಟ್ಸ್ ಜಾಗ, ಮಗಳ ಮದುವೆಗೆಂದು ಒಂದಷ್ಟು ಚಿನ್ನ, ಪರಿಚಯದ ಏಜೆಂಟರ ದಾಕ್ಷಿಣ್ಯಕ್ಕೆ ಮಾಡಿಸಿದ ನಾಲ್ಕು ವಿಮಾ ಪಾಲಿಸಿ, ಜತೆಗೊಂದು ಚೀಟಿ. ಶೇರು ಪೇಟೆಯೆಂದರೆ ಜೂಜು ಎಂದೇ ಅವರ ತೀರ್ಮಾನ. ಫೋರ್ಟ್‌ನ ಹೊಟೇಲುಗಳಿಂದ ದಲಾಲ್ ಸ್ಟ್ರೀಟ್‌ನ ಕಚೇರಿಗಳಿಗೆ ಚಹಾ ಒಯ್ದು ಕೊಟ್ಟವರು, ಅಲ್ಲಿಯವರ ಮುಖದ ಬಣ್ಣ ಬದಲಾಗುವುದನ್ನು ಕಣ್ಣಾರೆ ಕಂಡವರು; ಹಾಗೆ ಅಂದುಕೊಂಡರೆ ತಪ್ಪೆನ್ನಲಾಗದು.

ಅವರ ಮಕ್ಕಳು ಈಗ ಥಾಣೆ, ನವಿಮುಂಬಯಿ, ಪುಣೆಯ ಕಂಪೆನಿಗಳಲ್ಲಿದ್ದಾರೆ. ಮೊದಲ ಸಂಬಳ ಬಂದ ತಿಂಗಳಲ್ಲೇ ಮೊಬೈಲಿನಲ್ಲಿ ಖಾತೆ ತೆರೆದು ಅದೇ ಪೇಟೆಯಲ್ಲಿ ನಿಜವಾದ ಜೂಜಿಗೇ ಇಳಿಯುವವರಿದ್ದಾರೆ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರ ವರೆಗಿನ ಮೂರು ವರ್ಷಗಳಲ್ಲಿ ಫ್ಯೂಚರ್ಸ್ ಮತ್ತು ಆಪ್ಶನ್ಸ್ ವ್ಯವಹಾರ ಮಾಡಿದ ವೈಯಕ್ತಿಕ ವ್ಯಾಪಾರಿಗಳಲ್ಲಿ ಶೇ. 93 ಮಂದಿ ಹಣ ಕಳೆದುಕೊಂಡಿದ್ದಾರೆ. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂ. ಮೀರಿದೆ.

ಇವೆರಡರ ನಡುವೆ ಒಂದು ದಾರಿಯಿದೆ. ಅದರಲ್ಲಿ ದಿನಾ ಮೊಬೈಲ್ ನೋಡುವ ಕೆಲಸವಿಲ್ಲ, ಏಜೆಂಟರ ಹಂಗೂ ಇಲ್ಲ. ಹೊಸದಾಗಿ ಆರಂಭಿಸುವವರಿಗೆ ಎರಡೇ ಖಾತೆ ಸಾಕು.

ಒಂದು, 1968ರಲ್ಲಿ ಆರಂಭವಾದ ಪಿಪಿಎಫ್. ಅಂಚೆ ಕಚೇರಿ ಇಲ್ಲವೆ ಬ್ಯಾಂಕಿನಲ್ಲಿ ತೆರೆಯಬಹುದು. ವರ್ಷಕ್ಕೆ ಕನಿಷ್ಠ 500 ರೂ., ಗರಿಷ್ಠ ಒಂದೂವರೆ ಲಕ್ಷ. ಅವಧಿ 15 ವರ್ಷ, ಬೇಕಿದ್ದರೆ ಐದೈದು ವರ್ಷ ಮುಂದುವರಿಸಬಹುದು. 2000ದ ಜನವರಿ ವರೆಗೆ ಶೇ. 12 ಬಡ್ಡಿ ಕಂಡ ಹಿರಿಯರಿಗೆ 2020ರ ಏಪ್ರಿಲ್‌ನಲ್ಲಿ ನಿಗದಿಯಾದ ಶೇ. 7.1 ಸಪ್ಪೆಯೆನಿಸಬಹುದು. ಆದರೆ ಆ ಬಡ್ಡಿಗೆ ತೆರಿಗೆಯಿಲ್ಲ. ಪ್ರತಿವರ್ಷ ಏಪ್ರಿಲ್ 5ರೊಳಗೆ 60,000 ರೂ. ಹಾಕುತ್ತ ಬಂದರೆ, ಇದೇ ದರದಲ್ಲಿ 15 ವರ್ಷಕ್ಕೆ ಕಟ್ಟಿದ ಒಂಬತ್ತು ಲಕ್ಷ ಸುಮಾರು 16 ಲಕ್ಷವಾಗುತ್ತದೆ. (ತಿಂಗಳ 5ರ ನಂತರ ಹಾಕಿದ ಹಣಕ್ಕೆ ಆ ತಿಂಗಳ ಬಡ್ಡಿ ಸಿಗದು; ಇದು ಎಷ್ಟೋ ಮಂದಿಗೆ ತಿಳಿದಿಲ್ಲ.) ಭವಿಷ್ಯನಿಧಿಯ ಮುಖವನ್ನೇ ಕಾಣದೆ ಮೂವತ್ತು ವರ್ಷ ದುಡಿದು ಬರಿಗೈಯಲ್ಲಿ ಊರಿನ ಬಸ್ಸು ಹತ್ತಿದ ಹೊಟೇಲ್ ಕಾರ್ಮಿಕರನ್ನು ಕಂಡವರಿಗೆ ಇದರ ಬೆಲೆ ಬೇರೆ ಹೇಳಬೇಕಿಲ್ಲ. ಸ್ವಂತ ಹೊಟೇಲು ಇಟ್ಟವರಿಗೂ ಇದು ಆಸರೆ: ವ್ಯವಹಾರ ಕೈಕೊಟ್ಟರೂ ಸಾಲ ಕೊಟ್ಟವರು ನ್ಯಾಯಾಲಯದ ಮೂಲಕ ಈ ಖಾತೆಯನ್ನು ಜಪ್ತಿ ಮಾಡಿಸಲಾಗದು.

ಇನ್ನೊಂದು, ಸೂಚ್ಯಂಕ ನಿಧಿ. ನಿಫ್ಟಿಯ 50 ಕಂಪೆನಿಗಳನ್ನು ಅವುಗಳ ತೂಕಕ್ಕೆ ತಕ್ಕಂತೆ ಕೊಂಡಿಡುವ ಮ್ಯೂಚುವಲ್ ಫಂಡ್ ಇದು. ಯಾವ ಶೇರು ಏರೀತು ಎಂದು ಊಹಿಸುವ ಗೋಜಿಲ್ಲವಾದ್ದರಿಂದ ಖರ್ಚು ಕಡಿಮೆ. 2013ರ ಜನವರಿಯಿಂದ ಲಭ್ಯವಿರುವ ನೇರ ಯೋಜನೆಯಲ್ಲಿ ಕೊಂಡರೆ ದಲ್ಲಾಳಿಯ ಕಮಿಶನ್ನೂ ಉಳಿಯುತ್ತದೆ. ಶೇ. 1ರ ವ್ಯತ್ಯಾಸ ಏನು ಮಹಾ ಎನ್ನುವವರು ಲೆಕ್ಕ ಹಾಕಿ ನೋಡಲಿ: ಒಂದು ಲಕ್ಷ ರೂ. ಶೇ. 11ರಂತೆ ಬೆಳೆದರೆ 25 ವರ್ಷಕ್ಕೆ ಹದಿಮೂರೂವರೆ ಲಕ್ಷ, ಶೇ. 10ರಂತಾದರೆ 10.8 ಲಕ್ಷ.

ಆದರೆ ಇಲ್ಲಿ ಖಾತರಿಯಿಲ್ಲ. 2008ರ ಜನವರಿಯಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಅಕ್ಟೋಬರ್‌ನಲ್ಲಿ 8,500ರ ಆಸುಪಾಸಿಗೆ ಕುಸಿಯಿತು. 2020ರ ಮಾರ್ಚ್ 23ರಂದು ಒಂದೇ ದಿನ 3,900ಕ್ಕೂ ಹೆಚ್ಚು ಅಂಶ ಬಿತ್ತು. ಅದೇ ವರ್ಷದ ಕೊನೆಗೆ 47,000 ದಾಟಿತು. ಮಾರ್ಚಿನಲ್ಲಿ ಹೆದರಿ ಮಾರಿದವನಿಗೆ ಡಿಸೆಂಬರಿನ ಏರಿಕೆಯಿಂದ ಬಂದದ್ದೇನೂ ಇಲ್ಲ. ಹತ್ತು ವರ್ಷ ಮುಟ್ಟಬೇಕಾಗಿಲ್ಲದ ಹಣವನ್ನಷ್ಟೇ ಇಲ್ಲಿ ಹಾಕಬೇಕು. ಮುಂದಿನ ವರ್ಷದ ಮದುವೆಯ ದುಡ್ಡು, ಆಸ್ಪತ್ರೆಗೆಂದು ತೆಗೆದಿಟ್ಟ ಆರು ತಿಂಗಳ ಖರ್ಚು ಬ್ಯಾಂಕ್ ಠೇವಣಿಯಲ್ಲೇ ಇರಲಿ.

ಬ್ಯಾಂಕು ಎಂದಾಗಲೂ ಎಚ್ಚರ ಬೇಕು. 2019ರ ಸೆಪ್ಟೆಂಬರ್‌ನಲ್ಲಿ ಪಿಎಂಸಿ ಬ್ಯಾಂಕಿನ ಗ್ರಾಹಕರು ಮೊದಲಿಗೆ ಕೇವಲ ಸಾವಿರ ರೂ. ತೆಗೆಯಲು ಸಾಲುಗಟ್ಟಿ ನಿಂತದ್ದನ್ನು ಈ ನಗರ ಮರೆತಿಲ್ಲ. 2020ರ ಫೆಬ್ರವರಿಯಿಂದ ಒಂದು ಬ್ಯಾಂಕಿನಲ್ಲಿ ಒಬ್ಬರ ಠೇವಣಿಗೆ ಐದು ಲಕ್ಷ ರೂ. ವರೆಗೆ ವಿಮೆಯಿದೆ. ಶೇ. 1-2 ಹೆಚ್ಚು ಬಡ್ಡಿ ಕೊಡುವ ಪತ್‌ಪೇಡಿ, ಕ್ರೆಡಿಟ್ ಸೊಸೈಟಿಗಳ ಠೇವಣಿಗೆ ಆ ವಿಮೆ ಇಲ್ಲ. ‘ನಮ್ಮವರೇ ನಡೆಸುವುದು’ ಎಂಬ ನಂಬಿಕೆ ವಿಮೆಯಾಗದು. ಜೀವ ವಿಮೆಯನ್ನು ಉಳಿತಾಯದೊಂದಿಗೆ ಬೆರೆಸುವುದೂ ಬೇಡ. ಹಣ ಮರಳಿಸುವ ಪಾಲಿಸಿಗಳ ಗಳಿಕೆ ಸಾಮಾನ್ಯವಾಗಿ ಶೇ. 5-6ರ ಆಸುಪಾಸು ಮಾತ್ರ. ಅದಕ್ಕಿಂತ ಟರ್ಮ್ ಪಾಲಿಸಿ ಅಗ್ಗ, ಪರಿಹಾರವೂ ದೊಡ್ಡದು.

ಇಷ್ಟೆಲ್ಲ ಮಾಡಿದ ಮೇಲೂ ನಮ್ಮ ಮನೆಗಳಲ್ಲಿ ಉಳಿಯುವ ದೊಡ್ಡ ಕೊರತೆ ಬೇರೆಯೇ. ಯಜಮಾನ ತೀರಿಹೋದ ಮೇಲೆ ಯಾವ ಬ್ಯಾಂಕಿನಲ್ಲಿ ಏನಿದೆ ಎಂಬುದು ಹೆಂಡತಿಗೆ ತಿಳಿದಿರುವುದಿಲ್ಲ. ಹತ್ತು ವರ್ಷ ವಾರಸುದಾರರು ಕೇಳದ ಠೇವಣಿ ರಿಸರ್ವ್ ಬ್ಯಾಂಕಿನ ನಿಧಿಗೆ, ಏಳು ವರ್ಷ ಡಿವಿಡೆಂಡ್ ಪಡೆಯದ ಶೇರುಗಳು ಸರಕಾರದ ನಿಧಿಗೆ ಹೋಗುತ್ತವೆ. ಅವನ್ನು ಮರಳಿ ಪಡೆಯಬಹುದು, ಆದರೆ ಓಡಾಟ ಸಾಕುಸಾಕಾಗಿಸುತ್ತದೆ. ಹನ್ನೆರಡು ಕಡೆ ಹರಡಿದ ಹೂಡಿಕೆಗಿಂತ ಎರಡು ಖಾತೆಯ ಹೂಡಿಕೆ ಮೇಲು ಎನ್ನುವುದು ಮುಖ್ಯವಾಗಿ ಇದೇ ಕಾರಣಕ್ಕೆ.

ಕನ್ನಡ ಸಂಘಗಳು ಪ್ರತಿವರ್ಷ ಪುಸ್ತಕ ವಿತರಣೆ, ವೈದ್ಯಕೀಯ ಶಿಬಿರ, ಅರಶಿನ ಕುಂಕುಮ ನಡೆಸುತ್ತವೆ. ಅವುಗಳ ನಡುವೆ ಒಂದು ರವಿವಾರ ಬೆಳಗ್ಗೆ ಸದಸ್ಯರು ದಂಪತಿ ಸಮೇತ ಪಾಸ್‌ಬುಕ್, ಪಾಲಿಸಿಗಳನ್ನು ತಂದು ನಾಮಿನಿ ಹೆಸರು ಸರಿಯಿದೆಯೇ ಎಂದು ನೋಡಿಕೊಳ್ಳುವ ಏರ್ಪಾಡು ಮಾಡಬಹುದು. ಸಂಘಗಳಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳಿಗೆ ಬರವಿಲ್ಲ. ಪಾಲಿಸಿ ಮಾರುವವರನ್ನು ಮಾತ್ರ ಅಂದು ವೇದಿಕೆಗೆ ಕರೆಯದಿದ್ದರಾಯಿತು, ಅವರು ಸಮಾರಂಭಕ್ಕೆ ಎಷ್ಟೇ ದೇಣಿಗೆ ಕೊಟ್ಟಿರಲಿ.