ತೇವಮಾಪಕವು ಕೆಟ್ಟಿತೆನ್ನುವುದಕ್ಕೆ ಮೊದಲು

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಸಿಂಧನೂರು ತಾಲ್ಲೂಕಿಗೆ ಹರಿದುಬಂದ ಮೇಲೆ, ಎರೆಯ ಹೊಲಗಳಲ್ಲಿ ಜೋಳವಿದ್ದ ಸ್ಥಾನವನ್ನು ಬಹುಮಟ್ಟಿಗೆ ಭತ್ತವು ಪಡೆದುಕೊಂಡಿತು. ಸಾಲಗುಂದದಂಥ ಊರುಗಳಲ್ಲಿ ಕಾಳನ್ನು ಹಲ್ಲಿನಿಂದ ಕಡಿದು ಒಣಗನ್ನು ತಿಳಿಯುತ್ತಿದ್ದ ಹಿರಿಯರ ಕೆಲಸವನ್ನು ಈಗ ವಿದ್ಯುನ್ಮಾನ ತೇವಮಾಪಕವು ಮಾಡುತ್ತಲಿದೆ. ಬೆಂಬಲ ಬೆಲೆಯ ಖರೀದಿಯಲ್ಲಿ ಭತ್ತದ ತೇವವು ನೂರಕ್ಕೆ 17ನ್ನು ಮೀರಕೂಡದೆಂಬ ನಿಯಮವಿರುವುದರಿಂದ, ಈ ಸಣ್ಣ ಪೆಟ್ಟಿಗೆಯ ಅಂಕೆಯೇ ಒಕ್ಕಲಿಗನ ದುಡಿಮೆಗೆ ಬೆಲೆ ಕಟ್ಟುತ್ತದೆ. ನೂರಕ್ಕೆ 20 ತೇವವುಳ್ಳ ಒಂದು ಕ್ವಿಂಟಾಲ್ ಭತ್ತವು 17ಕ್ಕೆ ಇಳಿಯುವಾಗ ತೂಕದಲ್ಲಿ ಸುಮಾರು 3.6 ಕಿಲೋಗ್ರಾಂ ಕಡಿಮೆಯಾಗುವುದು. 17 ಇರುವ ಕಾಳನ್ನು ಯಂತ್ರವು 20 ಎಂದು ತೋರಿಸಿದರೆ ರೈತನು ವೃಥಾ ಒಣಗಿಸಿ ಅಷ್ಟು ತೂಕವನ್ನು ಕಳೆದುಕೊಳ್ಳುವನು. ಅತಿಯಾಗಿ ಒಣಗಿದ ಕಾಳು ಗಿರಣಿಯಲ್ಲಿ ನುಚ್ಚಾಗುವುದೂ ಉಂಟು. 20 ಇರುವುದನ್ನು 17 ಎಂದರೆ ಚೀಲದೊಳಗೇ ಬಿಸಿಯೇರಿ ಮುಗ್ಗುವುದು.

ಅಂಕೆಯಲ್ಲಿ ಸಂಶಯ ಬಂದೊಡನೆ ಪೆಟ್ಟಿಗೆಯನ್ನು ಅಂಗೈಯಿಂದ ತಟ್ಟುವುದು, ಅದರಿಂದಲೂ ಆಗದಿದ್ದರೆ ಪಟ್ಟಣದ ದುರಸ್ತಿಯಂಗಡಿಗೆ ಬಸ್ಸಿನಲ್ಲಿ ಕಳುಹಿಸಿಬಿಡುವುದು ಹಳ್ಳಿಗಳಲ್ಲಿ ರೂಢಿಯಾಗಿದೆ. ಸುಗ್ಗಿಯ ದಿನಗಳಲ್ಲಿ ಮಾಪಕವು ಊರು ಬಿಟ್ಟು ಹೋಗುವುದು ಸಣ್ಣ ನಷ್ಟವಲ್ಲ. ದೋಷವು ಯಂತ್ರದಲ್ಲಿರದೆ ಅಳೆಯುವ ಕ್ರಮದಲ್ಲಿದ್ದರಂತೂ ಕಳುಹಿಸಿದ ಖರ್ಚು ಪೂರ್ತಿ ದಂಡ.

ಇಂತಹ ಮಾಪಕವು ನೀರನ್ನು ನೇರವಾಗಿ ಅಳೆಯುವುದಿಲ್ಲ. ಕಾಳಿನ ವಿದ್ಯುತ್ ಗುಣವನ್ನು ಅಳೆದು, ಅದರಿಂದ ತೇವವನ್ನು ಊಹಿಸುತ್ತದೆ. ನಿರ್ವಾತಕ್ಕೆ 1 ಎಂದು ಹಿಡಿದರೆ ನೀರಿನ ಈ ಗುಣವು 80ರ ಆಸುಪಾಸಿನಲ್ಲಿರುವುದು. ಒಣ ಕಾಳಿನದು ಅತ್ಯಲ್ಪ. ಆದಕಾರಣ ಕಾಳಿನ ಶಾಖ, ತುಂಬಿದ ಪ್ರಮಾಣ, ಸೇರಿಕೊಂಡ ಹೊಟ್ಟು ಇವೆಲ್ಲವೂ ಅಂಕೆಯನ್ನು ಕದಲಿಸುತ್ತವೆ. ಬಿಸಿಲಿನ ಕಣದಿಂದ ತಂದ ಕಾಳನ್ನು ಮುಚ್ಚಳವಿರುವ ಡಬ್ಬಿಯಲ್ಲಿ ಹಾಕಿ, ಮಾಪಕದೊಡನೆ ನೆರಳಿನಲ್ಲಿಟ್ಟು ಆರಿಸಿದ ಬಳಿಕವೇ ಅಳೆಯತಕ್ಕದ್ದು. ಕಾರ್ತಿಕದ ಮುಂಜಾನೆ ಮಂಜು ಬಿದ್ದ ರಾಶಿಯ ಮೇಲ್ಪದರನ್ನಷ್ಟೇ ತೆಗೆದು ಅಳೆದು ಯಂತ್ರವನ್ನು ಬೈಯುವುದು ನ್ಯಾಯವಲ್ಲ. ಬ್ಯಾಟರಿಯನ್ನು ಬದಲಿಸಿ, ಅದರ ತುದಿ ತಾಗುವಲ್ಲಿ ಹಸಿರು ಕಿಲುಬಿದ್ದರೆ ಒರೆಸಬೇಕು. ಕಾಳು ತುಂಬುವ ಬಟ್ಟಲನ್ನು ಮೃದುವಾದ ಕುಂಚದಿಂದ ಗುಡಿಸಬೇಕೇ ಹೊರತು ತೊಳೆಯಬಾರದು. ಹಿಂದೆ ಅಳೆದವನು ಯಂತ್ರವನ್ನು ಜೋಳಕ್ಕೆ ಹೊಂದಿಸಿ ಹಾಗೆಯೇ ಬಿಟ್ಟಿರುವ ಸಂಭವವೂ ಉಂಟು; ಅದನ್ನು ಮೊದಲು ನೋಡತಕ್ಕದ್ದು.

ಇಷ್ಟಾದ ಮೇಲೆ ಒಂದೇ ಕಾಳನ್ನು ಮೂರು ಬಾರಿ ತುಂಬಿ ಅಳೆಯಲಿ. ಮೂರು ಅಂಕೆಗಳೂ ಚದುರಿದರೆ ತುಂಬುವ ಕೈಯನ್ನೂ ಬಟ್ಟಲನ್ನೂ ಮತ್ತೊಮ್ಮೆ ಪರಿಶೀಲಿಸಬೇಕು. ಮೂರೂ ಒಂದೇ ಆಗಿದ್ದು, ಅದೇ ಕಾಳಿಗೆ ನೆರೆಯೂರಿನ ಮಾಪಕವು ಬೇರೆ ಹೇಳಿದರೆ, ಎರಡರಲ್ಲೊಂದು ತಪ್ಪುತ್ತಿದೆ. ಯಾವುದೆಂಬುದನ್ನು ಪ್ರಯೋಗಶಾಲೆಯ ಒಲೆಯು ತೀರ್ಮಾನಿಸುವುದು. ಅಲ್ಲಿ ಕಾಳನ್ನು ಒಣಗಿಸಿ, ಹೋದ ತೂಕದಿಂದಲೇ ತೇವವನ್ನು ಲೆಕ್ಕ ಹಾಕುತ್ತಾರೆ.

ಸವಳು ನೆಲವನ್ನು ಪರೀಕ್ಷಿಸುವ ಲವಣಮಾಪಕಕ್ಕೆ ಇನ್ನೂ ಸುಲಭವಾದ ಒರೆಗಲ್ಲಿದೆ. ಒಂದು ಲೀಟರ್ ದ್ರಾವಣದಲ್ಲಿ 0.746 ಗ್ರಾಂ ಶುದ್ಧ ಪೊಟ್ಯಾಸಿಯಂ ಕ್ಲೋರೈಡ್ ಇರುವಂತೆ ಬಟ್ಟಿಯಿಳಿಸಿದ ನೀರಿನಲ್ಲಿ ಕರಗಿಸಿದರೆ, 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಮಾಪಕವು ಮೀಟರಿಗೆ 1.41 ಡೆಸಿಸೈಮನ್ಸ್ ತೋರಿಸಬೇಕು. ಸಿದ್ಧ ದ್ರಾವಣವೂ ಕೊಳ್ಳಲು ಸಿಗುತ್ತದೆ.

ಯಂತ್ರದ ಮೊಹರನ್ನು ಮಾತ್ರ ಯಾರೂ ಒಡೆಯಕೂಡದು. ಹತ್ತು ಮನೆಗಳಿಗೆ ಸೇರಿದ ಮಾಪಕವು ಯಾರದೂ ಅಲ್ಲದಂತಾಗುವುದೇ ನಮ್ಮ ಹಳ್ಳಿಗಳ ದೊಡ್ಡ ತೊಡಕು. ಒಬ್ಬರ ವಶದಲ್ಲಿಟ್ಟು, ಅದರ ಕೈಪಿಡಿಯನ್ನೂ ಅವರಿಗೇ ಕೊಡುವ ಏರ್ಪಾಡನ್ನು ಊರ ಮುಖಂಡರೇ ಮಾಡಬೇಕು. ದುರಸ್ತಿಗೆ ಕಳುಹಿಸಲೇಬೇಕಾದಾಗ, ಅಳೆದ ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಮೂರು ಸಲದ ಅಂಕೆಗಳನ್ನೂ ಇನ್ನೊಂದು ಮಾಪಕದ ಅಂಕೆಯನ್ನೂ ಚೀಟಿಯಲ್ಲಿ ಬರೆದು ಜೊತೆಗಿಡತಕ್ಕದ್ದು.