ಒಂದೇ ತಪ್ಪಿಗೆ ಎರಡು ಕಟಕಟೆ

ಒಂದು ತಪ್ಪಿಗೆ ಒಮ್ಮೆ ವಿಚಾರಣೆ, ಒಂದು ಶಿಕ್ಷೆ. ಈ ಮಾತನ್ನು ಒಪ್ಪಲು ಕಾನೂನು ಓದಿರಬೇಕಿಲ್ಲ. ಅಮೆರಿಕದ ಸಂವಿಧಾನದ ಐದನೇ ತಿದ್ದುಪಡಿಯೂ ಇದನ್ನೇ ಹೇಳುತ್ತದೆ. ಆದರೂ ಅಲ್ಲಿ ಒಂದೇ ಕೃತ್ಯಕ್ಕೆ ರಾಜ್ಯ ಸರ್ಕಾರ ಒಮ್ಮೆ, ಫೆಡರಲ್ ಸರ್ಕಾರ ಇನ್ನೊಮ್ಮೆ ಕಟಕಟೆಗೆ ಹತ್ತಿಸಬಹುದು.

2015ರಲ್ಲಿ ಅಲಬಾಮಾ ರಾಜ್ಯದ ಮೊಬೀಲ್ ನಗರದಲ್ಲಿ ಪೊಲೀಸರು ಟೆರೆನ್ಸ್ ಗ್ಯಾಂಬಲ್ ಎಂಬಾತನ ಕಾರು ತಡೆದರು. ಒಳಗೆ ಪಿಸ್ತೂಲು ಸಿಕ್ಕಿತು. ಹಿಂದೆ ದರೋಡೆ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಆತ ಬಂದೂಕು ಇಟ್ಟುಕೊಳ್ಳುವಂತಿರಲಿಲ್ಲ. ರಾಜ್ಯದ ನ್ಯಾಯಾಲಯದಲ್ಲಿ ತಪ್ಪೊಪ್ಪಿಕೊಂಡು ಒಂದು ವರ್ಷದ ಶಿಕ್ಷೆ ಪಡೆದ. ಅದೇ ಪಿಸ್ತೂಲಿಗೆ ಫೆಡರಲ್ ಸರ್ಕಾರವೂ ಮೊಕದ್ದಮೆ ಹೂಡಿತು. ಸೆರೆವಾಸಕ್ಕೆ ಹತ್ತಿರಹತ್ತಿರ ಇನ್ನೂ ಮೂರು ವರ್ಷ ಸೇರಿತು. 2019ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 7-2 ಬಹುಮತದಲ್ಲಿ ಇದು ಸರಿ ಎಂದಿತು. ರಾಜ್ಯ ಮತ್ತು ಒಕ್ಕೂಟ ಎರಡು ಪ್ರತ್ಯೇಕ ಸಾರ್ವಭೌಮ ಶಕ್ತಿಗಳು; ಇಬ್ಬರ ಕಾನೂನನ್ನು ಮುರಿದರೆ ಅದು ಎರಡು ಅಪರಾಧ ಎಂಬುದು ಅದರ ತರ್ಕ. ಒಪ್ಪದ ಇಬ್ಬರು ನ್ಯಾಯಮೂರ್ತಿಗಳು ಗಿನ್ಸ್‌ಬರ್ಗ್ ಮತ್ತು ಗಾರ್ಸಚ್. ಒಬ್ಬರು ಉದಾರವಾದಿ, ಇನ್ನೊಬ್ಬರು ಸಂಪ್ರದಾಯವಾದಿ. ಸೈದ್ಧಾಂತಿಕವಾಗಿ ಎರಡು ದಿಕ್ಕಿನಲ್ಲಿದ್ದವರು ಈ ವಿಷಯದಲ್ಲಿ ಒಂದಾದದ್ದು ಗಮನಿಸಬೇಕಾದ ಸಂಗತಿ.

ಹಾಗೆಂದು ಈ ಸಿದ್ಧಾಂತವನ್ನು ಸುಲಭವಾಗಿ ತಳ್ಳಿಹಾಕಲು ನನಗೂ ಆಗುವುದಿಲ್ಲ. ಕಾರಣ ರಾಡ್ನಿ ಕಿಂಗ್ ಪ್ರಕರಣ. 1991ರ ಮಾರ್ಚ್‌ನಲ್ಲಿ ಲಾಸ್ ಏಂಜಲೀಸ್ ಪೊಲೀಸರು ಆ ಕಪ್ಪು ವ್ಯಕ್ತಿಯನ್ನು ಲಾಠಿಯಿಂದ ಥಳಿಸಿದ್ದನ್ನು ವಿಡಿಯೊದಲ್ಲಿ ಜಗತ್ತೇ ನೋಡಿತು. ಮರುವರ್ಷ ರಾಜ್ಯದ ವಿಚಾರಣೆಯಲ್ಲಿ ನಾಲ್ವರು ಪೊಲೀಸರಲ್ಲಿ ಒಬ್ಬನಿಗೂ ಶಿಕ್ಷೆಯಾಗಲಿಲ್ಲ. ಊರು ಹೊತ್ತಿ ಉರಿಯಿತು. ಐವತ್ತಕ್ಕೂ ಹೆಚ್ಚು ಜನ ಸತ್ತರು. ಆಗ ಫೆಡರಲ್ ಸರ್ಕಾರ ನಾಗರಿಕ ಹಕ್ಕುಗಳ ಕಾನೂನಿನಡಿ ಎರಡನೇ ವಿಚಾರಣೆ ನಡೆಸಿತು. 1993ರಲ್ಲಿ ಇಬ್ಬರಿಗೆ ತಲಾ 30 ತಿಂಗಳ ಶಿಕ್ಷೆಯಾಯಿತು. ಎರಡನೇ ಕಟಕಟೆ ಇಲ್ಲದಿದ್ದರೆ ಅಷ್ಟು ನ್ಯಾಯವೂ ದಕ್ಕುತ್ತಿರಲಿಲ್ಲ.

ಹಾಗಾದರೆ ಒಂದೇ ಸಿದ್ಧಾಂತ ಒಂದೆಡೆ ಅನ್ಯಾಯ, ಇನ್ನೊಂದೆಡೆ ನ್ಯಾಯವೆಂದು ಕಾಣುವುದೇಕೆ? ಅಮೆರಿಕದಲ್ಲಿ ಜ್ಯೂರಿ ಒಮ್ಮೆ ಖುಲಾಸೆ ಮಾಡಿದರೆ ಮುಗಿಯಿತು. ಸರ್ಕಾರ ಮೇಲ್ಮನವಿ ಹೋಗುವಂತಿಲ್ಲ. ಮುಂಬಾಗಿಲು ಮುಚ್ಚಿದ್ದರಿಂದಲೇ ಅಲ್ಲಿ ಹಿಂಬಾಗಿಲು ಬೇಕಾಯಿತು. ಆದರೆ ಆ ಹಿಂಬಾಗಿಲ ಕೀಲಿ ಇರುವುದು ಸರ್ಕಾರದ ಕೈಯಲ್ಲಿ. ಕಿಂಗ್‌ಗೆ ನ್ಯಾಯ ಕೊಡಿಸಲು ತೆರೆದದ್ದೇ ಗ್ಯಾಂಬಲ್‌ನಂಥವನ ಶಿಕ್ಷೆ ಹೆಚ್ಚಿಸಲೂ ತೆರೆಯಿತು. ರಾಜ್ಯದ ತೀರ್ಪಿನ ನಂತರ ಮಹತ್ವದ ಫೆಡರಲ್ ಹಿತ ಉಳಿದಿದ್ದರೆ ಮಾತ್ರ ಮತ್ತೆ ಮೊಕದ್ದಮೆ ಎಂಬ ನಿಯಮವನ್ನು ಅಲ್ಲಿನ ನ್ಯಾಯ ಇಲಾಖೆ ತನಗೆ ತಾನೇ ಹಾಕಿಕೊಂಡಿದೆ ನಿಜ. ಆದರೆ ಅದು ಇಲಾಖೆಯ ನೀತಿ, ಆರೋಪಿಯ ಹಕ್ಕಲ್ಲ.

ನಮ್ಮ ವ್ಯವಸ್ಥೆ ಬೇರೆ ದಾರಿ ಹಿಡಿದಿದೆ. ಬೆಳಗಾವಿಯಲ್ಲಿ ರಾತ್ರಿ ಬಸ್ ಹತ್ತಿ ಬೆಳಿಗ್ಗೆ ಮುಂಬೈಯಲ್ಲಿ ಇಳಿದರೆ ಭಾಷೆ ಬದಲಾಗುತ್ತದೆ, ದಂಡಸಂಹಿತೆ ಬದಲಾಗುವುದಿಲ್ಲ. ಮದ್ಯ, ಜೂಜಿನಂಥ ವಿಷಯಗಳಲ್ಲಿ ರಾಜ್ಯಗಳಿಗೆ ತಮ್ಮದೇ ಕಾನೂನುಗಳಿದ್ದರೂ ಎಲ್ಲ ನ್ಯಾಯಾಲಯಗಳೂ ಒಂದೇ ಸಂವಿಧಾನದಡಿ, ಒಂದೇ ಸುಪ್ರೀಂ ಕೋರ್ಟಿನ ಕೆಳಗಿವೆ. ಒಂದೇ ಅಪರಾಧಕ್ಕೆ ಎರಡು ಬಾರಿ ವಿಚಾರಣೆ ಮತ್ತು ಶಿಕ್ಷೆ ಸಲ್ಲದು ಎನ್ನುತ್ತದೆ ಸಂವಿಧಾನದ 20(2)ನೇ ವಿಧಿ. ಖುಲಾಸೆಯಾದವನಿಗೂ ಆ ರಕ್ಷಣೆಯನ್ನು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 337ನೇ ಕಲಂ ಕೊಡುತ್ತದೆ. ಖುಲಾಸೆ ತಪ್ಪೆನಿಸಿದರೆ ಸರ್ಕಾರ ಮೇಲ್ಮನವಿ ಸಲ್ಲಿಸಬಹುದು. ಸಂತ್ರಸ್ತರಿಗೂ ಆ ಹಕ್ಕಿದೆ. ಮೇಲ್ಮನವಿಯಿಂದಲೂ ಆರೋಪಿಯ ಕಷ್ಟ ಲಂಬಿಸುತ್ತದೆ, ಒಪ್ಪೋಣ. ಆದರೆ ಅದು ಅದೇ ಪ್ರಕರಣದ ಮೇಲಿನ ಮೆಟ್ಟಿಲು, ಹೊಸ ಕಟಕಟೆಯಲ್ಲ. ತಪ್ಪು ತೀರ್ಪನ್ನು ತಿದ್ದಲು ಇದೇ ನೇರ ದಾರಿ ಎಂಬುದು ನನ್ನ ನಿಲುವು.

ಹಾಗೆಂದು ನಾವು ಬೀಗಬೇಕಿಲ್ಲ. 337ನೇ ಕಲಂ ಕೈಹಿಡಿಯುವುದು ವಿಚಾರಣೆ ಮುಗಿದು ತೀರ್ಪು ಬಂದ ಮೇಲೆ. ಅದಕ್ಕೂ ಮುಂಚೆ, ಒಂದೇ ಮಾತಿಗೆ, ಒಂದೇ ಪೋಸ್ಟಿಗೆ ನಾಲ್ಕು ರಾಜ್ಯಗಳಲ್ಲಿ ಎಫ್‌ಐಆರ್ ದಾಖಲಾದರೆ? ಒಂದೇ ಘಟನೆಗೆ ಎರಡನೇ ಎಫ್‌ಐಆರ್ ಸಲ್ಲದೆಂದು ಸುಪ್ರೀಂ ಕೋರ್ಟ್ 2001ರಲ್ಲೇ ಟಿ.ಟಿ. ಆಂಟನಿ ಪ್ರಕರಣದಲ್ಲಿ ಹೇಳಿದೆ. ಆದರೂ ಬೇರೆ ಬೇರೆ ರಾಜ್ಯಗಳ ಎಫ್‌ಐಆರ್‌ಗಳನ್ನು ಒಂದುಗೂಡಿಸಿ ಎಂದು ಕೇಳಲು ಜನ ದೆಹಲಿಯವರೆಗೆ ಹೋಗಬೇಕಾಗಿದೆ. ಹೆಸರಾಂತ ವಕೀಲರನ್ನು ಇಟ್ಟುಕೊಳ್ಳಬಲ್ಲವರಿಗೆ ಅದು ಸಾಧ್ಯ. ಪುಣೆಯಲ್ಲೋ ಹೈದರಾಬಾದಿನಲ್ಲೋ ಬಾಡಿಗೆ ಮನೆಯಲ್ಲಿದ್ದು, ಊರಿನ ಸುದ್ದಿಗೆ ಫೋನಿನಲ್ಲಿ ಪ್ರತಿಕ್ರಿಯೆ ಬರೆಯುವ ನಮ್ಮಂಥವರಿಗೆ? ರಜೆ ಹಾಕಿ ಎರಡು ರಾಜ್ಯಗಳ ಠಾಣೆಗೆ ಅಲೆಯುವುದೇ ಶಿಕ್ಷೆಯಾಗುತ್ತದೆ.

ಅಮೆರಿಕದವರು ಎರಡು ಸರ್ಕಾರಗಳ ಹೆಸರಿನಲ್ಲಿ ಬಾಗಿಲಿಂದಲೇ ಒಳಬಿಟ್ಟದ್ದನ್ನು ನಾವು ಕಿಟಕಿಯಿಂದ ಬಿಡಬಾರದು. ಒಂದೇ ಘಟನೆಯ ಎಫ್‌ಐಆರ್‌ಗಳನ್ನು ಒಂದು ಠಾಣೆಗೆ ವರ್ಗಾಯಿಸುವ ಸರಳ ವ್ಯವಸ್ಥೆ ಹೈಕೋರ್ಟ್ ಮಟ್ಟದಲ್ಲೇ ಸಿಗುವಂತೆ ಸಂಸತ್ತು ಕಾನೂನು ಮಾಡಲಿ. ದೇಶವೆಲ್ಲ ಒಂದೇ ದಂಡಸಂಹಿತೆ ಎಂದ ಮೇಲೆ, ಒಂದೇ ಆರೋಪಕ್ಕೆ ಉತ್ತರ ಕೊಡುವ ಜಾಗವೂ ಒಂದೇ ಇರಬೇಕು.