ಸೂಜಿ ಹಿಡಿದವನಿಗೂ ಔಷಧ ಸಿಗಲಿ

ಮಾದಕ ವಸ್ತು ಎಂದರೆ ಸಾಂಗ್ಲಿ ಜಿಲ್ಲೆಗೆ ಈಗ ದೂರದ ಮುಂಬಯಿ ಸುದ್ದಿಯಲ್ಲ. 2024ರ ಫೆಬ್ರುವರಿಯಲ್ಲಿ ಪುಣೆ ಪೊಲೀಸರು ಕುಪವಾಡದಲ್ಲಿ, ಮರುತಿಂಗಳು ಮುಂಬಯಿ ಪೊಲೀಸರು ಕವಠೆ ಮಹಾಂಕಾಳ ತಾಲೂಕಿನ ಇರಳಿಯಲ್ಲಿ, 2025ರ ಜನವರಿಯಲ್ಲಿ ಜಿಲ್ಲಾ ಪೊಲೀಸರು ವಿಟಾ ಹತ್ತಿರದ ಕಾರ್ವೆಯಲ್ಲಿ ದಾಳಿ ಮಾಡಿ ಕೋಟಿಗಟ್ಟಲೆ ಬೆಲೆಯ ‘ಎಂಡಿ’ ಹಿಡಿದರು. ಕವಠೆ ಮಹಾಂಕಾಳ ಜತ್ತದ ನೆರೆ ತಾಲೂಕು. ಸೋನ್ಯಾಳದಂಥ ಗಡಿ ಕನ್ನಡ ಹಳ್ಳಿಯವರು ‘ನಮ್ಮೂರಿಗೆ ಇದು ಬರಾಂಗಿಲ್ಲ ಬಿಡ್ರಿ’ ಎಂದು ಸುಮ್ಮನೆ ಕೂಡುವಂತಿಲ್ಲ.

ಮಾಲು ಹಿಡಿದದ್ದು ಸರಿ, ಮಾರಿದವರನ್ನು ಒಳಗೆ ಹಾಕಿದ್ದೂ ಸರಿ. ಆದರೆ ಚಟಕ್ಕೆ ಬಿದ್ದವನ ಗತಿ ಏನು? ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆ ಪ್ರಕಾರ ದೇಶದಲ್ಲಿ ಸುಮಾರು 8.5 ಲಕ್ಷ ಜನ ಮಾದಕ ವಸ್ತುವನ್ನು ಸೂಜಿ ಮೂಲಕ ಮೈಗೆ ಏರಿಸಿಕೊಳ್ಳುತ್ತಾರೆ. ಒಂದೇ ಸಿರಿಂಜ್ ನಾಲ್ವರ ಕೈ ದಾಟಿದರೆ ಎಚ್‌ಐವಿ ಜತೆಗೆ ಹೆಪಟೈಟಿಸ್ ಬಿ, ಸಿ ಕೂಡ ದಾಟುತ್ತವೆ. ಹೆಪಟೈಟಿಸ್ ಬಿ ವೈರಾಣು ಮೈಯಿಂದ ಹೊರಗೆ ಬಿದ್ದರೂ ಏಳು ದಿನ ಬದುಕಬಲ್ಲದು.

ಕಾಮಣಿ ಆದರೆ ಕಣ್ಣು ಹಳದಿ ಆಗಬೇಕು ಎಂಬುದು ಜನರ ತಿಳಿವಳಿಕೆ. ಹೆಪಟೈಟಿಸ್ ಸಿ ಹಾಗಲ್ಲ. ಬಹಳ ಮಂದಿಗೆ ವರ್ಷಗಟ್ಟಲೆ ಏನೂ ಗೊತ್ತಾಗದೆ ಯಕೃತ್ತು ಒಳಗೊಳಗೇ ಹಾಳಾಗುತ್ತದೆ. ಹೊಟ್ಟೆಯಲ್ಲಿ ನೀರು ತುಂಬಿದಾಗ, ರಕ್ತ ವಾಂತಿ ಆದಾಗ ದವಾಖಾನೆಗೆ ಓಡುತ್ತಾರೆ. ಅಷ್ಟೊತ್ತಿಗೆ ತಡವಾಗಿರುತ್ತದೆ.

ಸಮಾಧಾನದ ಸಂಗತಿ ಎಂದರೆ ಈ ರೋಗಕ್ಕೆ ಈಗ ಮದ್ದಿದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧ ಎರಡೂ ಪುಕ್ಕಟೆ. ಹೆಪಟೈಟಿಸ್ ಸಿ ಇದ್ದವರು ಸಾಮಾನ್ಯವಾಗಿ 12 ವಾರ ಗುಳಿಗೆ ನುಂಗಿದರೆ ನೂರಕ್ಕೆ 95ರಷ್ಟು ಜನ ಗುಣವಾಗುತ್ತಾರೆ. ಹೆಪಟೈಟಿಸ್ ಬಿ ತಡೆಯಲು ಮೂರು ಡೋಸ್ ಲಸಿಕೆ ಇದೆ. ಆದರೆ ಗುಣವಾದವನು ಮತ್ತೆ ಬೇರೆಯವರ ಸೂಜಿ ಹಿಡಿದರೆ ಹೆಪಟೈಟಿಸ್ ಸಿ ಮತ್ತೆ ಬರುತ್ತದೆ.

ಅದಕ್ಕೇ ಹೊಸ ಸೂಜಿ ಕೊಟ್ಟು ಹಳೆಯದನ್ನು ವಾಪಸ್ ಪಡೆಯುವುದು, ಅಫೀಮು ಜಾತಿಯ ಚಟದವರಿಗೆ ವೈದ್ಯರ ಕಣ್ಣೆದುರು ಬದಲಿ ಗುಳಿಗೆ ಕೊಡುವುದು ಏಡ್ಸ್ ನಿಯಂತ್ರಣ ಕಾರ್ಯಕ್ರಮದಲ್ಲಿ ಸೇರಿವೆ. ‘ಸೂಜಿ ಕೊಟ್ರ ಚಟಕ್ಕ ಸರ್ಕಾರನ ದಾರಿ ತೋರಿಸಿದಂಗ ಆಗೂದಿಲ್ಲೇನು?’ ಎಂದು ಕೇಳುವವರಿದ್ದಾರೆ. ಚಟ ಒಂದೇ ದಿನಕ್ಕೆ ಬಿಡುವಂಥದ್ದಲ್ಲ. ಬಿಡುವ ತನಕ ಆತ ಬದುಕಿರಬೇಕು, ಆತನ ರೋಗ ಹೆಂಡತಿ ಮಕ್ಕಳಿಗೆ ಅಂಟಬಾರದು. ಸೂಜಿ ಪಡೆಯಲು ಬಂದವನೇ ನಾಳೆ ಪರೀಕ್ಷೆಗೆ, ನಾಡಿದ್ದು ಚಟ ಬಿಡಿಸುವ ಚಿಕಿತ್ಸೆಗೆ ಬರುತ್ತಾನೆ. ಪೊಲೀಸರಿಗೆ ಹೆದರಿ ಅಡಗಿದವನು ಎಲ್ಲಿಗೂ ಬರುವುದಿಲ್ಲ.

ಕಾನೂನಿನ ಅಡ್ಡಿಯೂ ಇಲ್ಲ. 2017ರ ಎಚ್‌ಐವಿ ಏಡ್ಸ್ ಕಾಯ್ದೆ ಇಂಥ ಕೆಲಸಕ್ಕೆ ರಕ್ಷಣೆ ಕೊಟ್ಟಿದೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಖಟ್ಲೆಯಿಂದ ವಿನಾಯಿತಿ ಕೊಡುತ್ತದೆ.

ಇದು ಚಟದವರ ಮನೆ ಮಾತು ಮಾತ್ರ ಎಂದು ತಿಳಿಯುವುದೂ ತಪ್ಪು. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ ಬಳಸಿದ ಸೂಜಿಗಳನ್ನೇ ದವಾಖಾನೆಗಳಲ್ಲಿ ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹಬ್ಬಿ ಹತ್ತಾರು ಜನ ಸತ್ತರು. ಜ್ವರಕ್ಕೂ ಮೈಕೈ ನೋವಿಗೂ ಇಂಜೆಕ್ಷನ್ ಬೇಡುವ ಹಳ್ಳಿಗರು ‘ಹೊಸ ಸೂಜಿ ಒಡೀರಿ’ ಎಂದು ಕೇಳಲು ಸಂಕೋಚಪಡಬಾರದು.

ಗಡಿ ಭಾಗಕ್ಕೆ ಇನ್ನೊಂದು ತೊಡಕು ಭಾಷೆಯದು. ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ. ನಾಚಿಕೆಯ ರೋಗವನ್ನು ತಾಯಿನುಡಿಯಲ್ಲಿ ಹೇಳುವುದೇ ಕಷ್ಟ, ಪರಭಾಷೆಯಲ್ಲಿ ಹೇಳುವುದು ಇನ್ನೂ ಕಷ್ಟ. ಜತ್ತ ಪೂರ್ವ ಭಾಗದ ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ ಕೈಗೆ ಕನ್ನಡ ಕರಪತ್ರ ಬರಬೇಕು. ರಕ್ತ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಆಗಬೇಕು. ಕೂಲಿ ಬಿಟ್ಟು ಸಾಂಗ್ಲಿ, ಮೀರಜಿಗೆ ತಿಂಗಳಿಗೊಮ್ಮೆ ಹೋಗುವುದು ಬಡವರಿಗೆ ಆಗದ ಮಾತು. ಚಟ ಬಿಡಿಸುವ ಸಲಹೆಗೆ 14446 ಉಚಿತ ಸಹಾಯವಾಣಿ ಇದೆ ಎಂಬುದನ್ನು ಪಂಚಾಯಿತಿ ಗೋಡೆಯ ಮೇಲೆ ಕನ್ನಡದಲ್ಲೂ ಬರೆಸಬೇಕು.

ದಾಳಿ ಮಾಡುವುದು ಪೊಲೀಸರ ಕೆಲಸ. ಚಟಕ್ಕೆ ಬಿದ್ದ ಮಗನನ್ನು ಮುಚ್ಚಿಡದೆ ದವಾಖಾನೆಗೆ ಕರೆದೊಯ್ಯುವುದು ಮನೆಯವರ ಕೆಲಸ. ಬಂದವನನ್ನು ಬೈಯ್ಯದೆ ಒಳಗೆ ಕರೆಯುವುದು ಆರೋಗ್ಯ ಇಲಾಖೆಯ ಕೆಲಸ. ಮೂವರೂ ತಂತಮ್ಮ ಪಾಲು ಮಾಡಲಿ.